ಆಯುಷ್ಮಾನ್ ಕಾರ್ಡ್ ಇದ್ದರೂ ಊರಿನ ಕ್ಲಿನಿಕ್‌ನಲ್ಲಿ ಫೀಸು ಕೊಡಬೇಕಾ? ವಿಮೆಯ ಹಂಗಿಲ್ಲದೆ ನಡೆಯುವ ಚಿಕಿತ್ಸೆಯ ಲೆಕ್ಕಾಚಾರ

‘ಆಯುಷ್ಮಾನ್ ಕಾರ್ಡ್ ಇದ್ದರೆ ಯಾವ ಡಾಕ್ಟರಿಗೂ ಒಂದು ರೂಪಾಯಿ ಕೊಡಬೇಡಿ, ಕೇಳಿದರೆ ದೂರು ಕೊಡಿ’ ಎಂಬ ಧಾಟಿಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತಲೇ ಇರುತ್ತವೆ. ಇದರ ಜೊತೆಗೇ ‘ಕಾರ್ಡ್ ತೆಗೆದುಕೊಳ್ಳದ ಕ್ಲಿನಿಕ್ ಅಂದರೆ ನಕಲಿ ಡಾಕ್ಟರ್’ ಅನ್ನುವ ಇನ್ನೊಂದು ಮಾತೂ ಹರಿದಾಡುತ್ತದೆ. ಎರಡೂ ತಪ್ಪು. ಆದರೆ ಇವು ಏಕೆ ತಪ್ಪು ಎಂದು ತಿಳಿಯಬೇಕಾದರೆ, ವಿಮೆ ಎಂದರೇನು, ಅದು ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಾವು ಉದಾಹರಣೆಗೆ ಸಕಲೇಶಪುರ ಮತ್ತು ಆಲೂರಿನ ಕಡೆಯನ್ನು ಆರಿಸಿಕೊಂಡಿದ್ದೇವೆ. ಹೆತ್ತೂರು, ಯಸಳೂರು, ಹಾನುಬಾಳಿನ ಕಾಫಿ ತೋಟಗಳ ನಡುವೆ ಇರುವವರಿಗೆ ಹತ್ತಿರದ ಡಾಕ್ಟರು ಯಾರು, ದೂರದ ಆಸ್ಪತ್ರೆ ಎಷ್ಟು ದೂರ ಎನ್ನುವುದು ಮಳೆಗಾಲದಲ್ಲಿ ಜೀವದ ಪ್ರಶ್ನೆಯೇ ಆಗಿಬಿಡುತ್ತದೆ.

ಕಾರ್ಡ್ ಯಾವುದಕ್ಕೆ ಇದೆ?

ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆ ಶುರುವಾದದ್ದು 2018ರ ಸೆಪ್ಟೆಂಬರ್ 23ರಂದು. ಕರ್ನಾಟಕದಲ್ಲಿ ಅದೇ ವರ್ಷ ಮಾರ್ಚ್‌ನಲ್ಲಿ ‘ಆರೋಗ್ಯ ಕರ್ನಾಟಕ’ ಆಗಲೇ ಶುರುವಾಗಿತ್ತು. ಅಕ್ಟೋಬರ್‌ನಲ್ಲಿ ಎರಡನ್ನೂ ಸೇರಿಸಿ ಒಂದು ಮಾಡಲಾಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬವಾದರೆ ನಿಗದಿತ ಪ್ಯಾಕೇಜ್ ದರದ ಶೇ 30ರಷ್ಟನ್ನು ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಈ ಎರಡನೆಯ ಸಾಲನ್ನು ಫಾರ್ವರ್ಡ್‌ಗಳು ಹೇಳುವುದೇ ಇಲ್ಲ. ನಾಲ್ಕೈದು ಎಕರೆ ಕಾಫಿ ಇಟ್ಟುಕೊಂಡು ಎಪಿಎಲ್ ಕಾರ್ಡ್ ಹಿಡಿದಿರುವ ಸಣ್ಣ ಬೆಳೆಗಾರರು ಆಸ್ಪತ್ರೆಯ ಕೌಂಟರಿನಲ್ಲಿ ಗಾಬರಿಯಾಗುವುದು ಇಲ್ಲಿಯೇ.

ಯೋಜನೆಯ ಪಟ್ಟಿಯಲ್ಲಿ ಆರಂಭದಲ್ಲಿ ಸುಮಾರು 1,650 ಚಿಕಿತ್ಸೆಗಳಿದ್ದವು. ಹೃದಯದ ಸ್ಟೆಂಟ್, ಕ್ಯಾನ್ಸರ್, ಕಿಡ್ನಿ, ಅಪಘಾತ, ಹೆರಿಗೆಯ ತೊಡಕು ಇಂಥವು. ಸರಳವಾದವು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಅಲ್ಲಿ ಆಗದಿದ್ದರೆ ಅವರು ರೆಫರಲ್ ಬರೆದುಕೊಡುತ್ತಾರೆ, ಆಗ ಯೋಜನೆಗೆ ನೋಂದಾಯಿಸಿದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ರೆಫರಲ್ ಬೇಕಿಲ್ಲ. ಅಂದರೆ ಕಾರ್ಡ್ ಇರುವುದು ಮುಖ್ಯವಾಗಿ ಅಡ್ಮಿಟ್ ಆಗುವಂಥ ಕಾಯಿಲೆಗೆ. ಜ್ವರ, ಕೆಮ್ಮು, ಕಜ್ಜಿ, ಬಿಪಿ ಮಾತ್ರೆ, ಸಕ್ಕರೆ ಪರೀಕ್ಷೆಗೆ ಖಾಸಗಿ ಕ್ಲಿನಿಕ್‌ಗೆ ಹೋದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಡಾಕ್ಟರು ಫೀಸು ಕೇಳುವುದು ಕಾನೂನುಬದ್ಧವೇ.

ಇಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸಿಬಿಡೋಣ. ‘ಆಭಾ’ ನಂಬರ್ ಅಂದರೆ ವಿಮೆ ಅಲ್ಲ. ಅದು 14 ಅಂಕಿಗಳ ಒಂದು ಗುರುತಿನ ಸಂಖ್ಯೆ, ನಿಮ್ಮ ವೈದ್ಯಕೀಯ ದಾಖಲೆಗಳನ್ನು ಒಂದೆಡೆ ಜೋಡಿಸಲು ಇರುವುದು. ಅದನ್ನು ತೋರಿಸಿದರೆ ಬಿಲ್ಲು ಒಂದು ಪೈಸೆಯೂ ಕಡಿಮೆ ಆಗುವುದಿಲ್ಲ.

ನೂರು ರೂಪಾಯಿಗೆ ವಿಮೆ ಏಕೆ ಹೊಂದುವುದಿಲ್ಲ?

ವಿಮೆಯ ಮೂಲ ಲೆಕ್ಕ ಸರಳ. ಸಾವಿರ ಮನೆಗಳಲ್ಲಿ ವರ್ಷಕ್ಕೆ ಹತ್ತು ಮನೆಗೆ ದೊಡ್ಡ ಹೊಡೆತ ಬೀಳುತ್ತದೆ ಅಂದುಕೊಳ್ಳಿ. ಯಾವ ಹತ್ತು ಮನೆ ಅಂತ ಮೊದಲೇ ಗೊತ್ತಿಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿ ಆ ಹತ್ತು ಮನೆಯವರನ್ನು ಉಳಿಸುತ್ತಾರೆ. ಆದರೆ ನೆಗಡಿ ಜ್ವರ ಸಾವಿರ ಮನೆಗೂ ಬರುತ್ತದೆ, ವರ್ಷಕ್ಕೆ ಎರಡು ಮೂರು ಸಲ ಬರುತ್ತದೆ. ಎಲ್ಲರಿಗೂ ಬರುವ ಖರ್ಚನ್ನು ಎಲ್ಲರೂ ಸೇರಿ ಹಂಚಿಕೊಂಡರೆ ಉಳಿಯುವುದು ಏನೂ ಇಲ್ಲ. ನಿಮ್ಮ ನೂರು ರೂಪಾಯಿ ವಿಮಾ ಕಂಪನಿಯ ಕಚೇರಿ ಸುತ್ತಿಕೊಂಡು, ನಡುವೆ ಒಂದಿಷ್ಟು ಸವೆದು, ನಿಮ್ಮ ಊರಿನ ಡಾಕ್ಟರಿಗೇ ವಾಪಸ್ ಬರುತ್ತದೆ.

ಆ ಸವೆತ ಎಷ್ಟು ಎನ್ನುವುದಕ್ಕೆ ಕ್ಲೇಮ್ ಒಂದರ ದಾರಿಯನ್ನು ನೋಡಿ. ರೋಗಿಯ ಗುರುತು ಖಾತ್ರಿ ಮಾಡಬೇಕು, ಕಾಯಿಲೆಗೆ ಸರಿಯಾದ ಕೋಡ್ ಹಾಕಬೇಕು, ಕಾಗದ ಪತ್ರ ಸ್ಕ್ಯಾನ್ ಮಾಡಿ ಕಳಿಸಬೇಕು. ಆ ಕಡೆಯವರು ಪ್ರಶ್ನೆ ಕೇಳಿದರೆ ಉತ್ತರ ಬರೆಯಬೇಕು, ಆಮೇಲೆ ದುಡ್ಡಿಗೆ ಕಾಯಬೇಕು. ಒಂದು ಲಕ್ಷದ ಆಪರೇಷನ್ನಿಗೆ ಈ ಕೆಲಸಕ್ಕೆ ಎರಡು ಸಾವಿರ ಖರ್ಚಾದರೂ ಗೊತ್ತಾಗುವುದಿಲ್ಲ. ನೂರು ರೂಪಾಯಿ ಕನ್ಸಲ್ಟೇಶನ್ನಿಗೆ ಐವತ್ತು ಖರ್ಚಾದರೂ ಅಂಗಡಿ ಮುಚ್ಚಬೇಕು. ಬಾಳ್ಳುಪೇಟೆಯಂಥ ಪೇಟೆಯ ಕ್ಲಿನಿಕ್‌ನಲ್ಲಿ ಒಬ್ಬರು ಡಾಕ್ಟರು, ಒಬ್ಬರು ಸಹಾಯಕಿ ಇರುತ್ತಾರೆ ಅಂದುಕೊಳ್ಳಿ. ಕ್ಲೇಮ್ ಬರೆಯಲೆಂದೇ ಮೂರನೆಯವರನ್ನು ಇಟ್ಟುಕೊಂಡರೆ ಅವರ ಸಂಬಳ ಬರುವುದೂ ರೋಗಿಯ ಜೇಬಿನಿಂದಲೇ.

ಹಾಗಾದರೆ ಕ್ಲಿನಿಕ್ ನಡೆಯುವುದು ಹೇಗೆ? ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ದಿನಕ್ಕೆ 40 ಜನ, ತಲಾ 100 ರೂಪಾಯಿ, ತಿಂಗಳಿಗೆ 25 ದಿನ. ಒಟ್ಟು ಒಂದು ಲಕ್ಷ. ಬಾಡಿಗೆ, ಸಹಾಯಕಿಯ ಸಂಬಳ, ಕರೆಂಟು, ಹತ್ತಿ, ಸಿರಿಂಜು, ವೈದ್ಯಕೀಯ ಕಸ ಒಯ್ಯುವವರಿಗೆ ಕೊಡುವ ಹಣ ಎಲ್ಲ ಸೇರಿ 35 ಸಾವಿರ ಅಂದರೆ ಡಾಕ್ಟರಿಗೆ ಉಳಿಯುವುದು 65 ಸಾವಿರ. ದಿನಕ್ಕೆ 40 ಬದಲು 20 ಜನ ಬಂದರೆ ಉಳಿಯುವುದು 15 ಸಾವಿರ ಮಾತ್ರ. ಜೋರು ಮಳೆಯಲ್ಲಿ ಜನ ಮನೆಯಿಂದ ಹೊರಗೇ ಬರುವುದಿಲ್ಲ. ಕಾಫಿ ಕೊಯ್ಲಿನಲ್ಲಿ ಕೂಲಿ ಬಿಟ್ಟು ಬರುವುದಿಲ್ಲ. ಬಟವಾಡೆ ಆದ ಮಾರನೆಯ ದಿನ, ಸಂತೆಯ ದಿನ ಕೂರಲು ಜಾಗ ಇರುವುದಿಲ್ಲ. ಕಾಫಿ ನಾಡಿನಲ್ಲಿ ಡಾಕ್ಟರು ಉಳಿಯದಿರುವುದಕ್ಕೆ ಈ ಏರಿಳಿತವೂ ಒಂದು ಕಾರಣ ಎಂದು ನಮಗೆ ಅನ್ನಿಸುತ್ತದೆ, ಬರೀ ‘ಹಳ್ಳಿ ಬೇಡ’ ಎನ್ನುವ ಮನಸ್ಸಲ್ಲ.

ಅಮೆರಿಕದವರ ತಿಂಗಳ ಚಂದಾ

ಈ ಏರಿಳಿತಕ್ಕೆ ಅಮೆರಿಕದಲ್ಲಿ ಕೆಲವು ಡಾಕ್ಟರುಗಳು ಕಂಡುಕೊಂಡ ದಾರಿಗೆ ‘ಡೈರೆಕ್ಟ್ ಪ್ರೈಮರಿ ಕೇರ್’ ಎಂದು ಹೆಸರು. ಅಲ್ಲಿ ಮಾಮೂಲಿ ಜ್ವರಕ್ಕೂ ವಿಮೆಯ ಮೂಲಕವೇ ಬಿಲ್ಲು ಹೋಗುತ್ತದೆ, ಆ ಕಾಗದದ ಕೆಲಸಕ್ಕೆ ಡಾಕ್ಟರ ಕಚೇರಿಯಲ್ಲಿ ಒಂದು ದಂಡೇ ಬೇಕು. ಅದರಿಂದ ಬೇಸತ್ತವರು ವಿಮೆಗೆ ಬಿಲ್ಲು ಕಳಿಸುವುದನ್ನೇ ನಿಲ್ಲಿಸಿದರು. ಬದಲಿಗೆ ಕೇಬಲ್ ಟಿವಿಗೆ ಕಟ್ಟುವ ಹಾಗೆ ತಿಂಗಳಿಗೆ ಇಷ್ಟು ಎಂದು ಚಂದಾ. ಎಷ್ಟು ಸಲ ಬಂದರೂ, ಫೋನು ಮಾಡಿದರೂ ಬೇರೆ ಫೀಸಿಲ್ಲ. ರಕ್ತ ಪರೀಕ್ಷೆ, ಮಾತ್ರೆಗಳನ್ನು ಸಗಟು ಬೆಲೆಗೆ ತರಿಸಿಕೊಡುವವರೂ ಇದ್ದಾರೆ. ಆದರೆ ಆಪರೇಷನ್, ಕ್ಯಾನ್ಸರ್, ಅಪಘಾತಕ್ಕೆ ಬೇರೆ ವಿಮೆ ಇಟ್ಟುಕೊಳ್ಳಲೇಬೇಕು. 2026ರ ಜನವರಿಯಿಂದ ಅಲ್ಲಿ ತೆರಿಗೆ ವಿನಾಯಿತಿಯ ಆರೋಗ್ಯ ಉಳಿತಾಯ ಖಾತೆಯ ಹಣವನ್ನು ಈ ಚಂದಾಕ್ಕೆ ಬಳಸಬಹುದು ಎಂದು ಕಾನೂನು ಬಂದಿದೆ. ಮಿತಿ ಒಬ್ಬರಿಗೆ ತಿಂಗಳಿಗೆ 150 ಡಾಲರ್, ಕುಟುಂಬಕ್ಕೆ 300.

ಈ ಪದ್ಧತಿಯ ಒಳ್ಳೆಯ ಗುಣ ಒಂದಿದೆ, ನಮ್ಮಲ್ಲಿ ಅದನ್ನು ಯಾರೂ ಗಮನಿಸುವುದಿಲ್ಲ. ಒಂದೊಂದು ಭೇಟಿಗೂ ಫೀಸು ಇರುವ ಕಡೆ, ರೋಗಿ ಮತ್ತೆ ಮತ್ತೆ ಬಂದರೆ ಡಾಕ್ಟರಿಗೆ ಲಾಭ. ಸೂಜಿ ಚುಚ್ಚಿದರೆ ಲಾಭ, ಗ್ಲೂಕೋಸ್ ಬಾಟಲಿ ಏರಿಸಿದರೆ ಇನ್ನೂ ಲಾಭ. ‘ಸೂಜಿ ಕೊಡದ ಡಾಕ್ಟರು ಡಾಕ್ಟರೇ ಅಲ್ಲ’ ಎನ್ನುವ ನಮ್ಮ ಜನರ ನಂಬಿಕೆ ಇದಕ್ಕೆ ಎಣ್ಣೆ ಸುರಿಯುತ್ತದೆ. ಚಂದಾ ಪದ್ಧತಿಯಲ್ಲಿ ರೋಗಿ ಆರೋಗ್ಯವಾಗಿದ್ದರೇ ಡಾಕ್ಟರಿಗೆ ಲಾಭ. ಹಾಗೆಂದು ಅದು ದೋಷವಿಲ್ಲದ್ದೂ ಅಲ್ಲ. ದುಡ್ಡು ಮೊದಲೇ ಕೈಗೆ ಬಂದಿರುವುದರಿಂದ ‘ನಾಳೆ ಬನ್ನಿ’ ಅನ್ನುವ ಆಸೆ ಹುಟ್ಟಬಹುದು. ಒಬ್ಬ ಡಾಕ್ಟರು ನೋಡುವ ಜನರ ಸಂಖ್ಯೆಯೂ ಕಡಿಮೆಯಾಗುತ್ತದೆ. ಡಾಕ್ಟರುಗಳೇ ಕಡಿಮೆ ಇರುವ ಜಾಗದಲ್ಲಿ ಹೀಗಾದರೆ ಚಂದಾ ಕಟ್ಟಲಾಗದವರು ಎಲ್ಲಿಗೆ ಹೋಗಬೇಕು? ಅಲ್ಲಿನ ಟೀಕಾಕಾರರು ಕೇಳುವುದೂ ಇದನ್ನೇ.

ಬೆಂಗಳೂರಿನಲ್ಲಿ ಕೆಲವು ಕಂಪನಿಗಳು ಇಂಥ ಸದಸ್ಯತ್ವ ಮಾರುತ್ತಿವೆ. ಮಲೆನಾಡಿನ ಹಳ್ಳಿಗಳಿಗೂ ‘ಹೆಲ್ತ್ ಕಾರ್ಡ್’ ಹಿಡಿದುಕೊಂಡು ಏಜೆಂಟರು ಬಂದರೆ ಒಂದು ಪ್ರಶ್ನೆ ಕೇಳಿ: ‘ಅಡ್ಮಿಟ್ ಆದರೆ ಬಿಲ್ಲು ಯಾರು ಕಟ್ಟುತ್ತಾರೆ?’ ನಾವೇ ಕಟ್ಟುತ್ತೇವೆ ಎಂದು ಹೇಳಿದರೆ ಅದು ವಿಮೆ, ಅದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರದ ನೋಂದಣಿ ಇರಲೇಬೇಕು. ನೋಂದಣಿ ಇಲ್ಲದಿದ್ದರೆ ಅದು ಹೆಚ್ಚೆಂದರೆ ರಿಯಾಯಿತಿ ಚೀಟಿ.

ನಮ್ಮಲ್ಲೇ ಇರುವ ವಿಮೆ ಇಲ್ಲದ ದಾರಿಗಳು

ಚಂದಾ ಎಂಬ ಮಾತು ಹೊಸದಿರಬಹುದು. ಡಾಕ್ಟರಿಗೆ ವಿಮೆಯ ನಡುವಣ ಕೈ ಇಲ್ಲದೆ ಹಣ ಸಲ್ಲುವುದು ತೋಟದ ನಾಡಿಗೆ ಹೊಸದಲ್ಲ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ, ಕಾಫಿ, ಟೀ, ಏಲಕ್ಕಿ ತೋಟದ ಮಾಲೀಕರೇ ಕಾರ್ಮಿಕರಿಗೂ ಅವರ ಮನೆಯವರಿಗೂ ವೈದ್ಯಕೀಯ ಸೌಲಭ್ಯ ಒದಗಿಸಬೇಕು ಎಂದಿತ್ತು. ಫ್ಯಾಕ್ಟರಿ ಕಾರ್ಮಿಕರಿಗೆ ಇಎಸ್‌ಐ ಇದ್ದ ಹಾಗೆ ತೋಟದವರಿಗೆ ಇದು. ದೊಡ್ಡ ಎಸ್ಟೇಟುಗಳ ಡಿಸ್ಪೆನ್ಸರಿ, ವಾರಕ್ಕೊಮ್ಮೆ ಬರುವ ಡಾಕ್ಟರು, ಲೈನ್ ಮನೆಗಳಿಗೆ ಮಾತ್ರೆ ಹಂಚುವ ಕಾಂಪೌಂಡರ್, ಎಲ್ಲ ಈ ಕಾಯ್ದೆಯ ನೆರಳಿನಲ್ಲಿ ಬೆಳೆದದ್ದು. ಅಲ್ಲಿ ಕ್ಲೇಮ್ ಇಲ್ಲ, ಬಿಲ್ಲಿಲ್ಲ. ಮಾಲೀಕರು ಡಾಕ್ಟರಿಗೆ ನೇರ ಹಣ ಕೊಡುತ್ತಾರೆ.

ತೊಡಕಿರುವುದು ಅಳತೆಯಲ್ಲಿ. ಆ ಕಾಯ್ದೆ ಅನ್ವಯವಾಗುತ್ತಿದ್ದದ್ದು 5 ಹೆಕ್ಟೇರ್ ಮತ್ತು ಅದಕ್ಕಿಂತ ದೊಡ್ಡ, 15 ಅಥವಾ ಹೆಚ್ಚು ಜನ ದುಡಿಯುವ ತೋಟಗಳಿಗೆ. ದೇಶದ ಕಾಫಿ ಹಿಡುವಳಿಗಳಲ್ಲಿ ಶೇ 98ಕ್ಕೂ ಹೆಚ್ಚು 10 ಹೆಕ್ಟೇರ್‌ಗಿಂತ ಚಿಕ್ಕವು. ಐದು ಎಕರೆ, ಎಂಟು ಎಕರೆ ತೋಟಕ್ಕೆ ಬರುವ ಕೂಲಿಯವರು ಇವತ್ತು ಇಲ್ಲಿ, ನಾಳೆ ಪಕ್ಕದ ತೋಟದಲ್ಲಿ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರದ್ದಂತೂ ಕೇಳುವುದೇ ಬೇಡ. ಅವರ ಆಯುಷ್ಮಾನ್ ಕಾರ್ಡ್ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ನಡೆಯುವ ವ್ಯವಸ್ಥೆ ಇದೆ, ಆದರೆ ಅದೂ ಅಡ್ಮಿಟ್ ಆದರೆ ಮಾತ್ರ. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ತೋಟದ ಮಾಲೀಕರು ಇಷ್ಟಪಟ್ಟರೆ ಇಎಸ್‌ಐಗೆ ಸೇರಿಕೊಳ್ಳುವ ಅವಕಾಶವೂ ಅದರಲ್ಲಿದೆ.

ಇನ್ನೊಂದು ತುದಿಯಲ್ಲಿ ಮಂಡ್ಯದ ಡಾ. ಶಂಕರೇಗೌಡರು ಇದ್ದಾರೆ. ‘ಐದು ರೂಪಾಯಿ ಡಾಕ್ಟರ್’ ಎಂದೇ ಹೆಸರಾದ ಈ ಚರ್ಮರೋಗ ತಜ್ಞರ ಬಗ್ಗೆ ಫಾರ್ವರ್ಡ್ ನೋಡದವರು ಕಡಿಮೆ. ಅದು ನಿಜವಾದ ಸುದ್ದಿಯೇ. ಆದರೆ ‘ಅವರಿಗೆ ಆಗುವುದಾದರೆ ಬೇರೆಯವರಿಗೆ ಏಕೆ ಆಗದು’ ಎಂದು ಕೆಳಗೆ ಬರೆದು ಕಳಿಸುತ್ತಾರಲ್ಲ, ಅದನ್ನು ನಾವು ಒಪ್ಪುವುದಿಲ್ಲ. ಅವರಿಗೆ ಕೃಷಿಯ ಆಸರೆ ಇದೆ, ಕ್ಲಿನಿಕ್ಕಿನ ಆಡಂಬರ ಇಲ್ಲ, ದಿನವೂ ಸಾಲುಗಟ್ಟಿ ಜನ ಬರುತ್ತಾರೆ. ಒಬ್ಬರ ದೊಡ್ಡ ಮನಸ್ಸನ್ನು ಇಡೀ ರಾಜ್ಯದ ವ್ಯವಸ್ಥೆ ಎಂದುಕೊಳ್ಳಲಾಗದು.

ನಿಜವಾಗಿ ವಿಮೆ ಇಲ್ಲದೆ ನಡೆಯುವ ಅತಿ ದೊಡ್ಡ ಪ್ರಾಥಮಿಕ ಚಿಕಿತ್ಸೆ ಎಂದರೆ ನಿಮ್ಮ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರ. ಅದರ ಚಂದಾ ನೀವು ತೆರಿಗೆಯಲ್ಲಿ ಆಗಲೇ ಕಟ್ಟಿದ್ದೀರಿ. ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಕೇಂದ್ರ ಎಂಬ ಲೆಕ್ಕವಾದರೆ ಗುಡ್ಡಗಾಡಿಗೆ 20,000 ಜನಕ್ಕೆ ಒಂದು. ಉಪಕೇಂದ್ರ 5,000ದ ಬದಲು 3,000 ಜನಕ್ಕೆ. ಅಲ್ಲಿ ಕಾರ್ಡ್ ಕೇಳದೆಯೇ ಬಿಪಿ, ಸಕ್ಕರೆ ನೋಡುತ್ತಾರೆ, ಮಾತ್ರೆ ಉಚಿತ. ಡಾಕ್ಟರು ಇಲ್ಲದ ದಿನವೂ ಇ-ಸಂಜೀವಿನಿ ಮೂಲಕ ದೂರದ ಡಾಕ್ಟರ ಜೊತೆ ಮಾತಾಡಿಸುವ ಏರ್ಪಾಡಿದೆ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾಗಿ ಬಳಿಕ ರಾಜ್ಯಕ್ಕೆಲ್ಲ ವಿಸ್ತರಿಸಿದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ತಪಾಸಣೆ ಮಾಡಿ ಮಾತ್ರೆ ಕೊಡಬೇಕು. ಬಂದಿಲ್ಲವಾದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಹಾಸನದ ಆ ಎರಡು ತಿಂಗಳು

ಇದೆಲ್ಲ ಬರೀ ಹಣಕಾಸಿನ ಮಾತು ಅನ್ನಿಸಿದರೆ, 2025ರ ಜೂನ್, ಜುಲೈ ನೆನಪಿಸಿಕೊಳ್ಳಿ. ಸುಮಾರು 40 ದಿನಗಳಲ್ಲಿ ಹಾಸನ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ ಬಂತು. ಫೋನುಗಳಲ್ಲಿ ಲಸಿಕೆಯಿಂದಲೇ ಆದದ್ದು ಎಂಬ ಸಂದೇಶಗಳು ತುಂಬಿಕೊಂಡವು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತರು. ಸರ್ಕಾರ ನೇಮಿಸಿದ, ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ, ಸಾವುಗಳಲ್ಲಿ ಅಸಹಜ ಏರಿಕೆ ಕಂಡಿಲ್ಲ ಎಂದಿತು. ಲಸಿಕೆಯ ಜೊತೆ ನಂಟೂ ಸಿಗಲಿಲ್ಲ. ಕಂಡದ್ದು ಬಿಪಿ, ಸಕ್ಕರೆ ಕಾಯಿಲೆ, ಬೊಜ್ಜು, ತಂಬಾಕಿನಂಥ ಹಳೆಯ ಶತ್ರುಗಳೇ.

ಸ್ಟೆಂಟ್ ಹಾಕಿಸಲು ಕಾರ್ಡ್ ಇದೆ. ಆ ಸ್ಟೆಂಟ್ ಬೇಕಾಗದಂತೆ ಇಪ್ಪತ್ತು ವರ್ಷ ನುಂಗಬೇಕಾದ ಬಿಪಿ ಮಾತ್ರೆಗೆ ಕಾರ್ಡ್ ಇಲ್ಲ. ಜಯದೇವದ ಸಾಲಿನಲ್ಲಿ ನಿಂತವರಲ್ಲಿ ಬಹಳ ಜನಕ್ಕೆ ಮೊದಲು ಬೇಕಿದ್ದದ್ದು ದೊಡ್ಡ ಹೃದಯ ತಜ್ಞರಲ್ಲ, ಮನೆಯ ಹತ್ತಿರ ವರ್ಷವಿಡೀ ಬಿಪಿ ನೋಡಿ ‘ಮಾತ್ರೆ ಬಿಟ್ಟಿರಾ?’ ಎಂದು ಗದರುವ ಒಬ್ಬ ಡಾಕ್ಟರು. ಯಸಳೂರಿನಿಂದ ಹಾಸನಕ್ಕೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ. ಹೀಗಾಗಿ ಮಾತ್ರೆ ಮುಗಿದ ಮೇಲೆ ಮತ್ತೆ ತರುವುದು ಮುಂದಕ್ಕೆ ಹೋಗುತ್ತದೆ. ಈ ಕೂಲಿ ನಷ್ಟವನ್ನು ಗುರುತಿಸಿದವರು ನಮ್ಮ ರಾಜ್ಯದಲ್ಲೇ ಇದ್ದರು. ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 2002ರಲ್ಲಿ ಟಿ. ನರಸೀಪುರ ತಾಲ್ಲೂಕಿನಲ್ಲಿ ನಡೆಸಿದ ಬಡವರ ವಿಮೆಯಲ್ಲಿ, ಸರ್ಕಾರಿ ಆಸ್ಪತ್ರೆಗೆ ಸೇರಿದವರಿಗೆ ಕೂಲಿ ನಷ್ಟಕ್ಕೆಂದು ದಿನಕ್ಕೆ 50 ರೂಪಾಯಿ ಕೊಡುತ್ತಿದ್ದರು.

ಎದೆನೋವು ಬಂದಾಗ ಮಾತ್ರ ಈ ಲೆಕ್ಕ ಯಾವುದೂ ಬೇಡ. ಕ್ಲಿನಿಕ್ಕಿಗೂ ಹೋಗಬೇಡಿ, ‘ಗ್ಯಾಸು’ ಎಂದು ಸೋಡಾ ಕುಡಿದು ಕಾಯಲೂ ಬೇಡಿ. 108ಕ್ಕೆ ಫೋನು ಮಾಡಿ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಸಕಲೇಶಪುರದವರಿಗೆ ಅದು ಕ್ರಾಫರ್ಡ್ ಆಸ್ಪತ್ರೆ. ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಡಿ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ.

ಕ್ಲಿನಿಕ್ ನಕಲಿಯೋ ಅಸಲಿಯೋ?

ಕಾರ್ಡ್ ತೆಗೆದುಕೊಳ್ಳುತ್ತಾರೋ ಇಲ್ಲವೋ ಎನ್ನುವುದರಿಂದ ಇದು ಗೊತ್ತಾಗುವುದಿಲ್ಲ. ರಾಜ್ಯದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ (ಕೆಪಿಎಂಇ) ಸಣ್ಣ ಕ್ಲಿನಿಕ್ ಕೂಡ ನೋಂದಣಿ ಮಾಡಿಸಿರಬೇಕು. ದರಪಟ್ಟಿಯನ್ನು ಕಾಣುವಂತೆ ಹಾಕಿರಬೇಕು. 2024ರ ಆದೇಶದ ಪ್ರಕಾರ ಬೋರ್ಡಿನಲ್ಲಿ ಕೆಪಿಎಂಇ ನಂಬರ್ ಇರಬೇಕು, ಅಲೋಪತಿಗೆ ತಿಳಿನೀಲಿ ಬಣ್ಣ, ಆಯುರ್ವೇದಕ್ಕೆ ಹಸಿರು. ಹಸಿರು ಬೋರ್ಡಿನೊಳಗೆ ಅಲೋಪತಿ ಸೂಜಿ, ಡ್ರಿಪ್ ಕೊಡುತ್ತಿದ್ದರೆ ಅಲ್ಲಿ ಪ್ರಶ್ನೆ ಕೇಳಿ. ಫೀಸು ಕೊಟ್ಟ ಮೇಲೆ ಚೀಟಿ ಕೇಳಿ ಪಡೆಯುವುದೂ ನಿಮ್ಮ ಹಕ್ಕು. ಡಾಕ್ಟರೇ ಮಾತ್ರೆಯನ್ನು ಪೊಟ್ಟಣ ಕಟ್ಟಿ ಕೊಡುವ ಕಡೆ ಮಾತ್ರೆಯ ಹೆಸರನ್ನು ಬರೆಸಿಕೊಳ್ಳಿ. ನಾಳೆ ರಾತ್ರಿ ಹಾಸನದ ಆಸ್ಪತ್ರೆಗೆ ಓಡಬೇಕಾಗಿ ಬಂದರೆ ‘ಬಿಳಿ ಮಾತ್ರೆ, ಕೆಂಪು ಮಾತ್ರೆ’ ಎಂದರೆ ಅಲ್ಲಿನವರಿಗೆ ಏನೂ ತಿಳಿಯುವುದಿಲ್ಲ. ಹೆಸರು ಗೊತ್ತಿದ್ದರೆ ಅದೇ ಮಾತ್ರೆ ಜನೌಷಧಿ ಕೇಂದ್ರದಲ್ಲಿ ಅರ್ಧ ಬೆಲೆಗೂ ಕಡಿಮೆಗೆ ಸಿಗಬಹುದು.

ಸಹಕಾರ ಸಂಘದ ಸದಸ್ಯರಾದವರಿಗೆ ಯಶಸ್ವಿನಿಯೂ ಇದೆ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಬಂದ ಈ ಯೋಜನೆಗೆ ಆಗ ನಿಗದಿಯಾದ ಶುಲ್ಕ ಗ್ರಾಮೀಣ ಭಾಗದ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ. ಎಪಿಎಲ್ ಕಾರ್ಡಿನ ಬೆಳೆಗಾರರಿಗೆ ಇದು ಹೆಚ್ಚು ಉಪಯೋಗ. ನೋಂದಣಿಗೆ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಅವಕಾಶ, ಆದ್ದರಿಂದ ಸೊಸೈಟಿಯಲ್ಲಿ ಮೊದಲೇ ವಿಚಾರಿಸಿ. ಇದೂ ಮುಖ್ಯವಾಗಿ ಆಪರೇಷನ್ನಿನಂಥ ಆಸ್ಪತ್ರೆ ಖರ್ಚಿಗೆ, ಕ್ಲಿನಿಕ್ಕಿನ ಫೀಸಿಗಲ್ಲ.

ಆಯುಷ್ಮಾನ್ ಯೋಜನೆಗೆ ನೋಂದಾಯಿಸಿದ ಆಸ್ಪತ್ರೆಯಲ್ಲಿ, ಅಡ್ಮಿಟ್ ಆದ ಮೇಲೂ, ಪ್ಯಾಕೇಜ್‌ನಲ್ಲಿರುವ ಚಿಕಿತ್ಸೆಗೆ ಬಿಪಿಎಲ್ ರೋಗಿಯಿಂದ ಹಣ ಕೇಳಿದರೆ ಮಾತ್ರ ದೂರು ಕೊಡಬೇಕು. ಅದಕ್ಕೆ ನಂಬರ್ 14555. ಫಾರ್ವರ್ಡ್ ಮಾಡುವುದಾದರೆ ಈ ಒಂದು ಪ್ಯಾರಾ ಸಾಕು.